ಎಎನ್‌ಎಂ ಓದಿ ಪೋಡಿಗೆ ವಾಪಸ್ ಹೋಗಲಾ?

ಪ್ರಶ್ನೆ: ನಾನು ಸೋಲಿಗರ ಹುಡುಗಿ. ಬಿಳಿಗಿರಿರಂಗನ ಬೆಟ್ಟದ ಕಡೆಯ ಪೋಡು (ಸೋಲಿಗರ ಪುಟ್ಟ ಊರು) ನಮ್ಮದು. ಆರ್ಟ್ಸ್‌ನಲ್ಲಿ ಪಿಯುಸಿ ಮುಗಿಸಿ ಎರಡು ವರ್ಷದಿಂದ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದೇನೆ. ಎಎನ್‌ಎಂ, ಅಂದರೆ ಊರಲ್ಲೇ ಬಸಿರಿಯರು, ಮಕ್ಕಳನ್ನು ನೋಡಿಕೊಳ್ಳುವ ನರ್ಸಿಂಗ್ ಓದಿ ನಮ್ಮ ಜನರ ಮಧ್ಯೆಯೇ ಕೆಲಸ ಮಾಡುವ ಆಸೆ. ನಮ್ಮ ಅಜ್ಜಿ ಪೋಡಿನಲ್ಲಿ ಹೆರಿಗೆ ಮಾಡಿಸುತ್ತಿದ್ದವರು. ರೂಮಿನ ಗೆಳತಿಯರು ‘ಎಎನ್‌ಎಂ ಒಂದು ಓದಾ? ಜಿಎನ್‌ಎಂ ಮಾಡಿ ದುಬೈಗೆ ಹೋಗು’ ಅನ್ನುತ್ತಾರೆ. ಏನು ಮಾಡಲಿ? ತಮ್ಮನೂ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ‘ನಮ್ಮ ಜನರ ಮಧ್ಯೆಯೇ’ ಅಂತ ಬರೆದಿದ್ದೀರಿ. ಆ ಆಸೆ ಗಟ್ಟಿಯಾಗಿದ್ದರೆ ಎಎನ್‌ಎಂ ಮಾಡಿ. ಅದು ಸಣ್ಣ ಓದಲ್ಲ. ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ; ಅದನ್ನು ಓದಿದವರು ಹೆಚ್ಚಾಗಿ ಆಸ್ಪತ್ರೆಯ ವಾರ್ಡಿಗೆ ಹೋಗುತ್ತಾರೆ. ಬಸಿರಿಯರ ಮನೆಗೆ ಹೋಗುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಬಾಣಂತಿಯನ್ನು ನೋಡಿ ಬರುವುದು ಎಎನ್‌ಎಂ ಕೆಲಸ. ಬೆಟ್ಟಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ ಇರಬೇಕು ಅನ್ನುವುದು ನಿಯಮ. ಅಲ್ಲಿ ಎಲ್ಲರೂ ಹುಡುಕಿಕೊಂಡು ಬರುವುದು ಎಎನ್‌ಎಂ ಸಿಸ್ಟರನ್ನೇ.

ನಾನು ಬೆಂಗಳೂರಿನಲ್ಲಿ ಬಹಳ ವರ್ಷ ನರ್ಸಿಂಗ್ ಪಾಠ ಮಾಡಿದವಳು. ಒಮ್ಮೆ ಹುಡುಗಿಯರನ್ನು ಕರೆದುಕೊಂಡು ಹೆರಿಗೆ ವಾರ್ಡಿನಲ್ಲಿದ್ದೆ. ಹಾಡಿಯಿಂದ ಬಂದ ಜೇನುಕುರುಬರ ಹೆಣ್ಣುಮಗಳು, ಚೊಚ್ಚಲ ಹೆರಿಗೆ. ಟೇಬಲ್ ಮೇಲೆ ಮಲಗಲು ಒಪ್ಪುತ್ತಿಲ್ಲ. ಇಳಿದಿಳಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಅಲ್ಲಿದ್ದವರು ಗದರುತ್ತಿದ್ದಾರೆ. ನಮ್ಮ ವಿದ್ಯಾರ್ಥಿನಿಯೊಬ್ಬಳು, ಅದೇ ಜನದವಳು, ಹೋಗಿ ಪಕ್ಕದಲ್ಲಿ ತಾನೂ ನೆಲದ ಮೇಲೆ ಕೂತಳು. ಅವರ ಮಾತಿನಲ್ಲೇ ಏನೋ ಹೇಳಿದಳು. ಸೊಂಟ ನೀವಿದಳು. ಸ್ವಲ್ಪ ಹೊತ್ತಿಗೆ ಆಕೆ ತಾನಾಗಿಯೇ ಎದ್ದು ಪರೀಕ್ಷೆಗೆ ಮಲಗಿದಳು. ಆ ವಿದ್ಯಾರ್ಥಿನಿಗೆ ಆಗಿನ್ನೂ ಇಂಜೆಕ್ಷನ್ ಹಿಡಿದರೆ ಕೈ ನಡುಗುತ್ತಿತ್ತು. ಕೈ ನಡುಗದ ಹಾಗೆ ಮಾಡುವುದನ್ನು ನಾನು ಕಲಿಸಬಲ್ಲೆ. ಆ ಮಾತನ್ನು ನಾನು ಕಲಿಸಲಾರೆ.

ಸಿಕಲ್ ಸೆಲ್ ಕಾಯಿಲೆಯನ್ನೇ ತಗೊಳ್ಳಿ. ನಿಮ್ಮ ಭಾಗದ ಬುಡಕಟ್ಟು ಜನರಲ್ಲಿ ಅದು ಇದೆ. ರಕ್ತದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಕೈಕಾಲು ನೋವೆಂದು ರಾತ್ರಿಯೆಲ್ಲ ಅಳುತ್ತದೆ. ಚಳಿ, ಜ್ವರ, ನೀರು ಕಡಿಮೆ ಕುಡಿಯುವುದು ನೋವನ್ನು ಕೆರಳಿಸುತ್ತವೆ. ಅಪ್ಪ ಅಮ್ಮ ಇಬ್ಬರಲ್ಲೂ ಈ ಗುಣ ಅಡಗಿದ್ದರೆ, ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಅಭಿಯಾನ ಶುರು ಮಾಡಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ರಕ್ತ ಪರೀಕ್ಷೆ ಅದರ ಗುರಿ. ಬೆರಳು ಚುಚ್ಚಿ ರಕ್ತ ತೆಗೆಯುವುದು ಸುಲಭ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಕೂತು ಆ ರಿಪೋರ್ಟ್ ಏನು ಹೇಳುತ್ತದೆ ಅಂತ ವಿವರಿಸುವುದು ಕಷ್ಟ. ಹೊರಗಿನವರು ಹೇಳಿದರೆ ‘ನಿಮ್ಮ ರಕ್ತ ಕೆಟ್ಟಿದೆ’ ಅಂದ ಹಾಗೆ ಕೇಳಿಸುತ್ತದೆ. ಪೋಡಿನ ಮಗಳೇ ಹೇಳಿದರೆ ಕೂತು ಕೇಳುತ್ತಾರೆ, ಅಲ್ವಾ?

ಎಎನ್‌ಎಂ ಎರಡು ವರ್ಷದ ಓದು. ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಆರ್ಟ್ಸ್ ಆದರೂ ನಡೆಯುತ್ತದೆ. ಮುಂದೆ ಮನಸ್ಸಾದರೆ ಜಿಎನ್‌ಎಂ ಸೇರಬಹುದು, ಅದು ಮೂರು ವರ್ಷ. ಹಾಗಾಗಿ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯ ಬೇಡ. ಒಂದು ಮಾತನ್ನು ಮಾತ್ರ ನಿಮ್ಮಿಂದ ಮುಚ್ಚಿಡಲಾರೆ. ಓದು ಮುಗಿದ ತಕ್ಷಣ ನಿಮ್ಮ ಪೋಡಿನ ಹತ್ತಿರವೇ ಕೆಲಸ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮೊದಲು ಗುತ್ತಿಗೆ ಕೆಲಸ ಆಗಬಹುದು, ದೂರದ ಊರೂ ಆಗಬಹುದು. ಈಗಿನ ಸಂಬಳದಲ್ಲಿ ಸ್ವಲ್ಪ ಎತ್ತಿಡಿ.

ಬೆಂಗಳೂರಿನಲ್ಲಿ ನರ್ಸಿಂಗ್ ಸೀಟಿಗೆ ಏಜೆಂಟರು ಜಾಸ್ತಿ. ಅವರ ಹತ್ತಿರ ಹೋಗಲೇಬೇಡಿ. ನೀವು ಸೇರುವ ಕಾಲೇಜಿಗೆ ಈ ವರ್ಷದ ಮಾನ್ಯತೆ ಇದೆಯಾ ಅಂತ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಕೇಳಿ. ಇಲ್ಲದಿದ್ದರೆ ಓದಿದ ಮೇಲೆ ನೋಂದಣಿ ಆಗುವುದಿಲ್ಲ, ಎರಡು ವರ್ಷ ಸುಮ್ನೆ ಹಾಳು. ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅಂತಲೂ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟರೆ ರಸೀದಿ ತಗೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ಸ್ಕಾಲರ್‌ಶಿಪ್ ಅರ್ಜಿಗೆ ಆ ಪತ್ರಗಳ ಮೇಲಿರುವ ಆರ್‌ಡಿ ನಂಬರ್ ಬೇಕೇ ಬೇಕು. ಇದೆಲ್ಲಕ್ಕಿಂತ ಮೊದಲು ಬೆಟ್ಟದಲ್ಲೇ ಇರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಡಾ. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ಸಂಸ್ಥೆ ಅದು.

ತಮ್ಮನಿಗೆ ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ನೋಡಿ, ಎರಡು ವರ್ಷ. ಕಾಡಿನೊಳಗಿನ ಮನೆಯಲ್ಲಿ ಸೋಲಾರ್ ದೀಪ ಕೆಟ್ಟರೆ ರಿಪೇರಿಗೆ ಪೇಟೆಯಿಂದ ಯಾರು ಬರುತ್ತಾರೆ ಹೇಳಿ?

ಸೇರುವ ಮುಂಚೆ ರಜೆ ಹಾಕಿ ನಾಲ್ಕು ದಿನ ಊರಿಗೆ ಹೋಗಿ ಬನ್ನಿ. ಅಜ್ಜಿ ಇದ್ದರೆ ಅವರ ಹತ್ತಿರ ಕೂತು ಕೇಳಿ. ಮಗು ಅಡ್ಡ ಇದೆ ಅಂತ ಕೈಗೆ ಹೇಗೆ ಗೊತ್ತಾಗುತ್ತಿತ್ತು? ನೋವು ನಿಂತುಹೋದರೆ ಏನು ಮಾಡುತ್ತಿದ್ದರು? ಯಾವಾಗ ‘ಇನ್ನು ನನ್ನ ಕೈಲಾಗದು, ಆಸ್ಪತ್ರೆಗೆ ಹೊರಡಿ’ ಅನ್ನುತ್ತಿದ್ದರು? ಒಂದು ನೋಟ್‌ಬುಕ್ಕಿನಲ್ಲಿ ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಮೊದಲ ದಿನ ಕ್ಲಾಸಿಗೆ ಹೋಗುವಾಗ ಅದೂ ಬ್ಯಾಗಿನಲ್ಲಿರಲಿ.