ಲೆಕ್ಕ ಯಾರೂ ಬಿಡಿಸಲ್ಲ ಅಂದುಕೊಳ್ಳಬೇಡಿ

ಫ್ಯಾಂಟಸಿ ಕಾಮಿಕ್‌ನಲ್ಲಿ ನಗಿಸೋಕೆ ಹೇಳಿಕೆ ಲೆಕ್ಕ ಹಾಕುತ್ತಿದ್ದೀರಿ, ಯಾರೂ ಬಿಡಿಸಲ್ಲ, ಅಂಕಿ ಏನಿದ್ದರೂ ನಡೆಯುತ್ತೆ ಅಲ್ವಾ ಅಂತ ಕೇಳಿದ್ದೀರಿ. ನಡೆಯಲ್ಲ. ನನ್ನ ಒಂದು ಪುಸ್ತಕ ಇದರಿಂದಲೇ ಹಾಳಾಯಿತು.

ನಾನು ಕೊಪ್ಪಳದವನು. ನನ್ನ ಕಥೆಯಲ್ಲಿ ಒಬ್ಬ ರಾಕ್ಷಸ ಊರ ಕೆರೆ ಕುಡಿಯುತ್ತಾನೆ, ಮೇಲಿಂದ ಮಳೆ ತುಂಬಿಸುತ್ತದೆ. ಶಾಲೆಯಲ್ಲಿ ಎಲ್ಲರೂ ಮಾಡಿದ ನಳ-ತೊಟ್ಟಿ ಲೆಕ್ಕವೇ. ಮಳೆ ಖಾಲಿ ಕೆರೆಯನ್ನು 4 ದಿನದಲ್ಲಿ ತುಂಬಿಸುತ್ತದೆ. ರಾಕ್ಷಸ ತುಂಬಿದ ಕೆರೆಯನ್ನು 6 ದಿನದಲ್ಲಿ ಕುಡಿದು ಮುಗಿಸುತ್ತಾನೆ. ದಿನಕ್ಕೆ ನಾಲ್ಕನೇ ಒಂದು ಭಾಗ ಬಂತು, ಆರನೇ ಒಂದು ಭಾಗ ಹೋಯಿತು, ಹನ್ನೆರಡನೇ ಒಂದು ಭಾಗ ಉಳಿಯಿತು. 12 ದಿನಕ್ಕೆ ಕೆರೆ ಕೋಡಿ ಬಿದ್ದು ರಾಕ್ಷಸ ತೇಲಿಹೋಗುತ್ತಾನೆ. ಕಥೆ ಮುಗಿಯುವುದೇ ಅಲ್ಲಿ.

ಬಣ್ಣ ಹಾಕುವಾಗ ಆರು ದಿನ ಕುಡಿಯುವ ರಾಕ್ಷಸ ತೀರಾ ಸಪ್ಪೆ ಅನ್ನಿಸಿದ. ಅವನಿಗೆ 4 ಕೊಟ್ಟು ಮಳೆಗೆ 6 ಕೊಟ್ಟೆ. ಮತ್ತೆ ಲೆಕ್ಕ ಮಾಡಿದೆ, 12 ಅಂತಲೇ ಬಂತು. ತಪ್ಪು ಅಡಗಿ ಕೂತಿದ್ದು ಇಲ್ಲೇ. ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸ ಹನ್ನೆರಡನೇ ಒಂದು ಭಾಗವೇ. ಆದರೆ ಈಗ ಅದು ಉಳಿಯುವ ನೀರಲ್ಲ, ಕಡಿಮೆ ಬೀಳುವ ನೀರು. ಖಾಲಿ ಕೆರೆ ಯಾವತ್ತೂ ತುಂಬಲ್ಲ. ತುಂಬಿದ್ದರೂ 12 ದಿನಕ್ಕೆ ಬರಿದಾಗುತ್ತದೆ. ನಾನು 12 ಅನ್ನೋದನ್ನಷ್ಟೇ ನೋಡಿದೆ, ನೀರು ಯಾವ ಕಡೆ ಹೋಗುತ್ತಿದೆ ಅಂತ ನೋಡಲಿಲ್ಲ.

ಗವಿಮಠದ ಜಾತ್ರೆಗೆ ಅಂತ ಅಚ್ಚು ಹಾಕಿಸಿದ್ದೆ. ಒಬ್ಬ ಹುಡುಗಿ ನಿಂತಲ್ಲೇ ಓದಿ, "ಅಂಕಲ್, ಈ ಕೆರಿ ತುಂಬಂಗೇ ಇಲ್ಲಲ್ರೀ" ಅಂದಳು. ಕೊನೆಯ ಪುಟಗಳೆಲ್ಲ ಸುಳ್ಳಾದವು. ಕಟ್ಟು ಕಟ್ಟಾಗಿ ಮನೆಗೆ ವಾಪಸ್ ತಂದೆ.

ಓದುವವರು ಬಿಡಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಮ್ಮ ಕಡೆ ಚಹಾ ಅಂಗಡಿಯಲ್ಲಿ ಕೂತವರೂ ಟಿಎಂಸಿ ಲೆಕ್ಕ ಹಾಕುತ್ತಿದ್ದರು. ನೀರು ಎಷ್ಟು ಬಂತು, ಎಷ್ಟು ಹೋಯಿತು ಅಂತ ಕೇಳಿದರೆ ನಮ್ಮ ಜನ ಸುಮ್ನೆ ಬಿಡಲ್ಲ.

ಫ್ಯಾಂಟಸಿಯಲ್ಲಿ ಏನು ಬೇಕಾದರೂ ಆಗಬಹುದು ಅನ್ನುತ್ತೀರಿ. ರಾಕ್ಷಸ ಇರಲಿ, ಮಾಟ ಇರಲಿ. ಅದಕ್ಕೇ ಲೆಕ್ಕ ಜಾಸ್ತಿ ಬಿಗಿಯಾಗಿರಬೇಕು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿ ಅನ್ನೋ ಗಣಿತದ ಪುಸ್ತಕದಲ್ಲಿ 9 ಮೊಳದ ಕಂಬದ ಮೇಲೆ ನವಿಲು, ಬುಡದಲ್ಲಿ ಹಾವಿನ ಬಿಲ. 27 ಮೊಳ ದೂರದಿಂದ ಹಾವು ಬಿಲಕ್ಕೆ ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಎರಡೂ ಒಂದೇ ದೂರ ಸಾಗಿದರೆ ಎಲ್ಲಿ ಸಿಗುತ್ತವೆ? ತಲಾ 15 ಮೊಳ ಸಾಗಿ, ಬಿಲ ಇನ್ನೂ 12 ಮೊಳ ಇರುವಾಗ. ಅಂಕಿ ಸರಿ ಇರೋದರಿಂದಲೇ ಆ ಹಾವಿನ ಮೇಲೆ ಕನಿಕರ ಬರುತ್ತದೆ.

ಇನ್ನು ನಗು. ಪುಟಗಳನ್ನು ಮತ್ತೆ ಬರೆದಾಗ ರಾಕ್ಷಸನನ್ನೇ ದಂಡೆ ಮೇಲೆ ಕೂರಿಸಿದೆ. ಅವನು ಬೆರಳು ಮಡಚಿ ಎಣಿಸಿ, "ನಾನು ಮಲಗೋ ಹೊತ್ತನ್ನ ಲೆಕ್ಕಕ್ಕೆ ಹಿಡಿದಿದ್ದೀರಾ?" ಅಂತ ಊರವರನ್ನು ಕೇಳುತ್ತಾನೆ. ಮಕ್ಕಳು ನಕ್ಕಿದ್ದು ಅಲ್ಲಿ.

ನೀವು ಉತ್ತರವನ್ನು ಚಿತ್ರದೊಳಗೆ ಬರೆಯಬೇಡಿ. ಮೊದಲು ಏಳನೇ ಕ್ಲಾಸಿನ ಒಂದು ಮಗುವಿಗೆ ಲೆಕ್ಕ ಕೊಡಿ. ಅದು ಬಿಡಿಸಿಕೊಂಡು ಬರಲಿ, ಆಮೇಲೆ ಬಣ್ಣ ಹಾಕಿ.