ಪ್ಯಾಚ್ ಹಾಕಿಸುವ ಮೊದಲು ತೂತು ಎಲ್ಲಿದೆ ನೋಡಿ

ಪ್ರಶ್ನೆ: ನವನಗರದಿಂದ ಗೋಕುಲ ರಸ್ತೆಯ ಕಾರ್ಖಾನೆಗೆ ದಿನವೂ ಗೇರ್ ಸೈಕಲ್‌ನಲ್ಲಿ ಹೋಗುತ್ತೇನೆ. ಒಂದೇ ತಿಂಗಳಲ್ಲಿ ಹಿಂದಿನ ಚಕ್ರ ಮೂರು ಸಲ ಪಂಕ್ಚರ್ ಆಯಿತು. ಅಂಗಡಿಯವರು ‘ಟ್ಯೂಬ್ ಹೋಗಿದೆ, ಹೊಸದು ಹಾಕಿಸಿ’ ಎಂದರು. ಹಾಕಿಸಿದ ನಾಲ್ಕೇ ದಿನಕ್ಕೆ ಮತ್ತೆ ಗಾಳಿ ಇಳಿಯಿತು. ಇನ್ನು ಟೈರನ್ನೇ ಬದಲಿಸಬೇಕೇ? ಪಾಳಿಗೆ ತಡವಾದರೆ ಅರ್ಧ ದಿನದ ಹಾಜರಿ ಹೋಗುತ್ತದೆ.
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಟೈರ್ ಬದಲಿಸುವ ಆತುರ ಬೇಡ. ಹೊಸ ಟ್ಯೂಬ್ ನಾಲ್ಕು ದಿನಕ್ಕೇ ಇಳಿಯಿತು ಎಂದರೆ ತಪ್ಪು ಬಹುಮಟ್ಟಿಗೆ ಟ್ಯೂಬಿನದಲ್ಲ. ಚುಚ್ಚುವ ವಸ್ತು ಟೈರಿನೊಳಗೇ ಕುಳಿತಿದೆ, ಹಾಕಿದ ಪ್ರತಿ ಟ್ಯೂಬನ್ನೂ ಅದೇ ತಿನ್ನುತ್ತಿದೆ. ಅಂಗಡಿಯವರನ್ನು ದೂರುವುದರಲ್ಲೂ ಅರ್ಥವಿಲ್ಲ. ತೂತು ಮುಚ್ಚುವುದಕ್ಕೆ ಅವರಿಗೆ ಹಣ ಕೊಡುತ್ತೇವೆ, ಕಾರಣ ಹುಡುಕುವುದಕ್ಕಲ್ಲ. ನಾಲ್ಕು ಜನ ಸಾಲಿನಲ್ಲಿ ಕಾಯುತ್ತಿರುವಾಗ ಟೈರಿನೊಳಗೆ ಕೈಯಾಡಿಸುತ್ತಾ ಕೂರುವ ವ್ಯವಧಾನ ಯಾರಿಗಿರುತ್ತದೆ?

ಹಳೆಯ ಟ್ಯೂಬ್ ಎಸೆದಿಲ್ಲದಿದ್ದರೆ ಅದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಹಾಸಿ. ವಾಲ್ವಿನಿಂದ ಪ್ಯಾಚ್‌ಗಳು ಎಷ್ಟು ಗೇಣು ದೂರದಲ್ಲಿವೆ, ಹೊಸ ತೂತು ಎಷ್ಟು ದೂರದಲ್ಲಿದೆ ಎಂದು ಅಳೆಯಿರಿ. ಟ್ಯೂಬ್ ಬದಲಿಸುವಾಗ ಟೈರಿನ ಒಂದೇ ಅಂಚನ್ನು ಎಬ್ಬಿಸುತ್ತಾರೆ, ಟೈರ್ ರಿಮ್ಮಿನ ಮೇಲೆ ಇದ್ದ ಜಾಗದಲ್ಲೇ ಇರುತ್ತದೆ. ಹಾಗಾಗಿ ಅಳತೆ ಹೊಂದಿಕೆಯಾದರೆ ಕಳ್ಳ ಟೈರಿನ ಯಾವ ಜಾಗದಲ್ಲಿ ಅಡಗಿದ್ದಾನೆಂದು ಗೊತ್ತಾಯಿತು. ಟ್ಯೂಬನ್ನು ತಿರುಗಿಸಿ ಹಾಕಿರಬಹುದು, ಆದ್ದರಿಂದ ವಾಲ್ವಿನ ಎರಡೂ ಬದಿಗೆ ಅಷ್ಟೇ ದೂರದಲ್ಲಿ ಹುಡುಕಿ.

ನಿಮ್ಮ ದಾರಿಯಲ್ಲಿ ನನಗೆ ಹೆಚ್ಚು ಅನುಮಾನ ಉಕ್ಕಿನ ತಂತಿಯ ಮೇಲೆ. ಲಾರಿಗಳ ರೇಡಿಯಲ್ ಟೈರಿನೊಳಗೆ ಸಣ್ಣ ಉಕ್ಕಿನ ಎಳೆಗಳಿರುತ್ತವೆ. ಟೈರ್ ಸಿಡಿದಾಗ ಅವು ರಸ್ತೆಯ ಮೇಲೆ ಚೆಲ್ಲುತ್ತವೆ. ದೊಡ್ಡ ವಾಹನಗಳ ಚಕ್ರ ಅವನ್ನೆಲ್ಲ ಗುಡಿಸಿ ಎಡ ಅಂಚಿಗೆ ತಳ್ಳುತ್ತದೆ, ನಾವು ಸೈಕಲ್ ಹೊಡೆಯುವುದೂ ಅದೇ ಅಂಚಿನಲ್ಲಿ. ಗೋಕುಲ ರಸ್ತೆಯಲ್ಲಿ ಲಾರಿಗಳಿಗೆ ಬರವಿಲ್ಲ. ಈ ಎಳೆ ಕೂದಲಿಗಿಂತ ತುಸು ದಪ್ಪ, ಉದ್ದ ಅರ್ಧ ಸೆಂಟಿಮೀಟರ್ ಇದ್ದರೂ ಸಾಕು. ಬೆರಳಾಡಿಸಿದರೆ ಸಿಗುವುದಿಲ್ಲ. ಹತ್ತಿಯ ಉಂಡೆಯನ್ನು ಟೈರಿನ ಒಳಮೈಗೆ ಒತ್ತಿ ನಿಧಾನವಾಗಿ ಎಳೆದುಕೊಂಡು ಹೋಗಿ. ಒಂದು ಸುತ್ತು ಒಂದು ದಿಕ್ಕಿಗೆ, ಇನ್ನೊಂದು ಸುತ್ತು ವಿರುದ್ಧ ದಿಕ್ಕಿಗೆ. ಹತ್ತಿಯ ನಾರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಟೈರನ್ನು ಹೊರಮುಖವಾಗಿ ಬಗ್ಗಿಸಿ, ಇಕ್ಕಳದಿಂದ ಕೀಳಿ. ಉಗುರಿನಿಂದ ಕೀಳಲು ಹೋದರೆ ಅರ್ಧ ಮುರಿದು ಒಳಗೇ ಉಳಿಯುತ್ತದೆ.

ತೂತು ಟ್ಯೂಬಿನ ಹೊರಬದಿಯಲ್ಲಿ, ಅಂದರೆ ರಸ್ತೆಯ ಕಡೆ ಇದ್ದರೆ ಮಾತ್ರ ಈ ಹುಡುಕಾಟ. ಒಳಬದಿಯಲ್ಲಿ, ರಿಮ್ಮಿನ ಕಡೆ ಇದ್ದರೆ ಮುಳ್ಳನ್ನೂ ತಂತಿಯನ್ನೂ ಮರೆತುಬಿಡಿ. ಚಕ್ರದ ಕಡ್ಡಿಯ (ಸ್ಪೋಕ್) ತುದಿ ಚುಚ್ಚಿರುತ್ತದೆ, ಇಲ್ಲವೇ ರಿಮ್ಮಿಗೆ ಸುತ್ತಿದ ಪಟ್ಟಿ ಸರಿದು ಕಡ್ಡಿಯ ರಂಧ್ರ ತೆರೆದುಕೊಂಡಿರುತ್ತದೆ. ಆ ಪಟ್ಟಿ ಬದಲಿಸಿದರೆ ಕಾಟ ಮುಗಿಯಿತು. ಹಾವು ಕಚ್ಚಿದಂತೆ ಎರಡು ಸೀಳು ಅಕ್ಕಪಕ್ಕದಲ್ಲಿದ್ದರೆ ಗಾಳಿ ಕಡಿಮೆಯಿತ್ತು, ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿತು ಎಂದರ್ಥ. ನಮ್ಮ ಊರಿನ ಗುಂಡಿಗಳ ಬಗ್ಗೆ ಬರೆಯಲು ಬೇರೆ ಅಂಕಣವೇ ಬೇಕು. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ಹಿಡಿಯುವುದಿಲ್ಲ, ಅಲ್ಲಿ ಹೊಸ ಟ್ಯೂಬೇ ಗತಿ.

ಗಾಳಿಯ ಮಾತು ಬಂತು. ಹೆಬ್ಬೆರಳಿನಿಂದ ಒತ್ತಿ ‘ಗಟ್ಟಿ ಇದೆ’ ಎನ್ನುವುದನ್ನು ನಂಬಬೇಡಿ. ಎಷ್ಟು ಒತ್ತಡ ಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 26 ಇಂಚಿನ, 1.95 ಅಗಲದ ಟೈರಿಗೆ ಸಾಮಾನ್ಯವಾಗಿ 40ರಿಂದ 65 ಪಿಎಸ್‌ಐ. ಹಿಂದಿನ ಚಕ್ರಕ್ಕೆ ಭಾರ ಹೆಚ್ಚು, ಅದಕ್ಕೆ ತುಸು ಹೆಚ್ಚೇ ಇರಲಿ. ಪೆಟ್ರೋಲ್ ಬಂಕಿನಲ್ಲಿ ಬೈಕಿನ ಲೆಕ್ಕದಲ್ಲಿ ಮೂವತ್ತರ ಆಸುಪಾಸಿಗೆ ನಿಲ್ಲಿಸಿಬಿಡುತ್ತಾರೆ, ನಿಮಗೆ ಅದು ಸಾಲದು. ಮಾಪಕವಿರುವ ಪಂಪ್ ಮನೆಯಲ್ಲಿರಲಿ, ವಾರಕ್ಕೊಮ್ಮೆ ನೋಡಿ.

ಇನ್ನು ಹಾಜರಿಯ ಚಿಂತೆ. ದಾರಿಯಲ್ಲಿ ಪ್ಯಾಚ್ ಹಾಕುತ್ತಾ ಕೂರಬೇಡಿ. ಒಂದು ಟ್ಯೂಬ್, ಟೈರಿನ ಅಂಚು ಎಬ್ಬಿಸುವ ಎರಡು ಲಿವರ್, ಸಣ್ಣ ಪಂಪ್, ಚಕ್ರದ ನಟ್‌ಗೆ ಹೊಂದುವ ಸ್ಪ್ಯಾನರ್ ಚೀಲದಲ್ಲಿರಲಿ. ಟೈರಿನ ಒಳಗೆ ಒಮ್ಮೆ ನೋಡಿ ಟ್ಯೂಬ್ ಬದಲಿಸಿ, ಹೊರಡಿ. ಪ್ಯಾಚ್ ರಾತ್ರಿ ಮನೆಯಲ್ಲಿ. ಉಜ್ಜುಕಾಗದದಿಂದ ಟ್ಯೂಬಿನ ಹೊಳಪು ಹೋಗುವವರೆಗೆ ಉಜ್ಜಿ, ಪ್ಯಾಚಿಗಿಂತ ಅಗಲವಾಗಿ ಸೊಲ್ಯೂಷನ್ (ಪ್ಯಾಚ್ ಅಂಟಿಸುವ ಅಂಟು) ತೆಳ್ಳಗೆ ಸವರಿ, ಐದು ನಿಮಿಷ ಸುಮ್ಮನಿರಿ. ಹಸಿ ಸೊಲ್ಯೂಷನ್ ಮೇಲೆ ಪ್ಯಾಚ್ ಒತ್ತುವುದೇ ಹೆಚ್ಚಿನವರು ಕೆಡಿಸುವ ಜಾಗ. ಬಾಯಿಂದ ಊದಬೇಡಿ, ಉಸಿರಿನ ತೇವ ಸೇರುತ್ತದೆ. ಬೇಗ ಒಣಗಲೆಂದು ಬೆಂಕಿಕಡ್ಡಿ ಗೀರಿ ಉರಿಸುವವರನ್ನೂ ಕಂಡಿದ್ದೇನೆ. ಅವರ ಕೈಗೆ ನನ್ನ ಟ್ಯೂಬ್ ಕೊಡಲಾರೆ. ಒಮ್ಮೆ ತೆರೆದ ಸೊಲ್ಯೂಷನ್ ಕೆಲವು ತಿಂಗಳಲ್ಲಿ ಕೊಳವೆಯೊಳಗೇ ಒಣಗಿಹೋಗುತ್ತದೆ, ಬೇಕಾದ ದಿನ ಹಿಂಡಿದರೆ ಬರುವುದಿಲ್ಲ. ಅಂಥ ದಿನ ಸೈಕಲ್ಲಿಗೆ ಬೀಗ ಹಾಕಿ ಚಿಗರಿ ಬಸ್ ಹತ್ತಿ.

ಪ್ರಶ್ನೆ: ಗದಗಿನಿಂದ ಮುಳಗುಂದ ರಸ್ತೆಯ ಕಡೆಯ ಹಳ್ಳಿಯ ಶಾಲೆಗೆ ಸೈಕಲ್‌ನಲ್ಲಿ ಹೋಗುವ ಶಿಕ್ಷಕಿ ನಾನು. ಕೊನೆಯ ಒಂದಿಷ್ಟು ದೂರ ಹೊಲದ ದಾರಿ. ಮುಳ್ಳಿನ ಕಾಟ ತಡೆಯಲಾಗುತ್ತಿಲ್ಲ. ಟ್ಯೂಬಿನೊಳಗೆ ಹಾಕುವ ಜೆಲ್ ಕೆಲಸಕ್ಕೆ ಬರುತ್ತದೆಯೇ?
– ಓದುಗರು, ಬೆಟಗೇರಿ

ಉತ್ತರ: ಬರುತ್ತದೆ. ಜೆಲ್ ಮಾರುವವರು ಹೇಳುವುದರಲ್ಲಿ ಅರ್ಧ ಜಂಬ, ಆದರೆ ಮುಳ್ಳಿನ ವಿಷಯದಲ್ಲಿ ಮಾತ್ರ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಮುಳ್ಳಿನ ತೂತು ಸಣ್ಣದು, ದುಂಡಗಿನದು. ಚಕ್ರ ತಿರುಗಿದಾಗ ದ್ರವ ಅಲ್ಲಿಗೆ ನುಗ್ಗಿ ಗಟ್ಟಿಯಾಗುತ್ತದೆ. ಸೀಳಿದ ಟ್ಯೂಬಿಗೆ, ಗುಂಡಿಯಲ್ಲಿ ಜಜ್ಜಿದ ಟ್ಯೂಬಿಗೆ ಅದರಿಂದ ಉಪಯೋಗವಿಲ್ಲ. ವಾಲ್ವಿನ ಒಳಗಿನ ಪಿನ್ ತೆಗೆದು, ಒಂದು ಟ್ಯೂಬಿಗೆ ಸುಮಾರು 100ರಿಂದ 120 ಮಿಲಿ ಹಾಕಿ. ಬಿಸಿಲಿಗೆ ಅದು ಒಣಗುತ್ತಾ ಬರುತ್ತದೆ, ಬೇಸಿಗೆ ಮುಗಿದ ಮೇಲೆ ಮತ್ತೆ ಹಾಕಬೇಕಾದೀತು. ಜೆಲ್ ತುಂಬಿದ ಟ್ಯೂಬ್ ಹರಿದರೆ ಪ್ಯಾಚ್ ಅಂಟುವುದು ಕಷ್ಟ, ಒದ್ದೆ ಜಾಗವನ್ನು ಚೆನ್ನಾಗಿ ಒರೆಸಬೇಕು.

ನಿಮ್ಮ ದಾರಿಯ ಮುಳ್ಳು ಎರಡು ಬಗೆಯದು. ಹೊಲದ ಬೇಲಿಗೆ ಕಡಿದು ಹಾಕಿದ ಜಾಲಿಕಂಟಿಯಿಂದ ಉದುರುವುದು ಒಂದು. ಉದ್ದನೆಯ ಮುಳ್ಳು, ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ನೆಗ್ಗಿಲು ಮಹಾ ಮೋಸದ್ದು. ಹಳದಿ ಹೂ ಬಿಟ್ಟು ನೆಲಕ್ಕಂಟಿ ಹಬ್ಬುತ್ತದೆ, ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ. ದಾರಿಯ ಅಂಚಿನ ಹಸಿರಿನ ಮೇಲೆ ಸೈಕಲ್ ಹತ್ತಿಸಬೇಡಿ, ಬಂಡಿಯ ಗಾಲಿ ತುಳಿದ ಜಾಡಿನಲ್ಲೇ ನಡೆಸಿ. ಮುಳ್ಳು ನಾಟಿದ್ದು ಕಂಡೊಡನೆ ಕಿತ್ತುಹಾಕುವ ಅಭ್ಯಾಸವೂ ಬೇಡ. ಜೆಲ್ ಇಲ್ಲದ ಟ್ಯೂಬಿಗೆ ಆ ಮುಳ್ಳೇ ಬಿರಡೆ. ಗಾಳಿ ನಿಂತಿದ್ದರೆ, ಶಾಲೆ ಹತ್ತಿರವಿದ್ದರೆ, ಹಾಗೆಯೇ ಹೋಗಿ ಮುಟ್ಟಿ. ಜೆಲ್ ಇದ್ದರೆ ಮಾತ್ರ ಕಿತ್ತು ಚಕ್ರ ತಿರುಗಿಸಿ.

ಪ್ರಶ್ನೆ: ಮಗಳಿಗೆ ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಬಂದಿದ್ದ ಸೈಕಲ್ಲನ್ನು ಈಗ ಮಗ ಓಡಿಸುತ್ತಾನೆ. ರಾತ್ರಿ ಗಾಳಿ ತುಂಬಿಸಿದರೆ ಬೆಳಿಗ್ಗೆ ಇಳಿದಿರುತ್ತದೆ. ನೀರಿನಲ್ಲಿ ಮುಳುಗಿಸಿದರೆ ಟ್ಯೂಬಿನಲ್ಲಿ ಎಲ್ಲೂ ಗುಳ್ಳೆ ಏಳುವುದಿಲ್ಲ.
– ಓದುಗರು, ಹಾವೇರಿ

ಉತ್ತರ: ಟ್ಯೂಬ್ ಚೆನ್ನಾಗಿದೆ, ವಾಲ್ವ್ ಸೋರುತ್ತಿದೆ. ಚಕ್ರವನ್ನು ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ. ಆಗ ಅದರ ಬಾಯಿ ಕೆಳಮುಖವಾಗಿರುತ್ತದೆ. ಒಂದು ಲೋಟ ನೀರನ್ನು ಕೆಳಗಿನಿಂದ ಹಿಡಿದು ಬಾಯಿ ಮುಳುಗಿಸಿ, ಗುಳ್ಳೆ ಬರುತ್ತದೆ. ಒಳಗಿನ ಪಿನ್ನಿಗೆ ತೊಡಿಸಿದ ಸಣ್ಣ ರಬ್ಬರ್ ಕೊಳವೆ ಬಿರುಕು ಬಿಟ್ಟಿರುತ್ತದೆ. ವಾಲ್‌ಟ್ಯೂಬ್ ಎಂದು ಕೇಳಿದರೆ ಯಾವ ಸೈಕಲ್ ಅಂಗಡಿಯಲ್ಲೂ ಕೊಡುತ್ತಾರೆ. ಒದ್ದೆ ಮಾಡಿ ತೊಡಿಸಿ, ಪಿನ್ನಿನ ಪಕ್ಕದ ರಂಧ್ರ ಪೂರ್ತಿ ಮುಚ್ಚಬೇಕು. ಎರಡು ತುಂಡು ಮನೆಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಪಂಕ್ಚರ್ ಆದಮೇಲೆ ಅಂಗಡಿ ಸಿಗುವವರೆಗೆ ನಿಧಾನವಾಗಿ ಓಡಿಸಿಕೊಂಡು ಹೋದರೆ ಏನಾಗುತ್ತದೆ?
– ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಒಂದು ಪ್ಯಾಚಿನಲ್ಲಿ ಮುಗಿಯುವ ಖರ್ಚು ಟ್ಯೂಬ್, ಟೈರ್, ಕೊನೆಗೆ ರಿಮ್ಮಿನವರೆಗೂ ಏರುತ್ತದೆ. ಗಾಳಿಯಿಲ್ಲದ ಟೈರ್ ರಿಮ್ಮಿನ ಮೇಲೆ ಜಾರುತ್ತದೆ, ಅದರ ಜೊತೆ ಟ್ಯೂಬೂ ಸರಿದು ವಾಲ್ವ್ ಬುಡದಲ್ಲಿ ಹರಿಯುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಹಿಂದಿನ ಚಕ್ರವಾದರೆ ಕ್ಯಾರಿಯರ್ ಮೇಲಿನ ಪುಸ್ತಕದ ಚೀಲವನ್ನೂ ಹೆಗಲಿಗೆ ಹಾಕಿಕೊಳ್ಳಿ.