ಎದೆಗೆ ಶಾಕ್: ಮೂರು ವಾರ ಕಾಯುವುದು ಯಾಕೆ?

ಅಪ್ಪಾಜಿಯ ಎದೆಬಡಿತ ತಾಳ ತಪ್ಪಿದೆ, ತಾಳ ಸರಿಮಾಡೋಕೆ ಎದೆಗೆ ಕರೆಂಟ್ ಶಾಕ್ ಕೊಡಬೇಕು, 3 ವಾರ ಬಿಟ್ಟು ಬನ್ನಿ ಅಂತ ಕಲಬುರಗಿಯಲ್ಲಿ ಡಾಕ್ಟರ್ ಅಂದರು, ಯಾಕೆ ಅಂತ ಕೇಳಿದ್ದೀರಿ. ಸುಮ್ನೆ ಕಾಯಿಸುತ್ತಿಲ್ಲ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ನಡುಗುತ್ತಿದ್ದರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ತಾಳ ಸರಿಹೋದಾಗ ಆ ಹೆಪ್ಪು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವಾ. ಅದಕ್ಕೇ ಶಾಕ್‌ಗೆ ಮೊದಲು 3 ವಾರ, ಆಮೇಲೆ ಕನಿಷ್ಠ 4 ವಾರ ರಕ್ತ ತೆಳುವಾಗಿಸುವ ಮಾತ್ರೆ. ಒಂದು ಹೊತ್ತೂ ತಪ್ಪಿಸಬೇಡಿ.

ನಮ್ಮ ಅವ್ವನಿಗೂ ಮಾಡಿಸಿದ್ದೆವು. ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು, ನಿದ್ದೆ ಇಂಜೆಕ್ಷನ್ ಕೊಟ್ಟರು. ಎಚ್ಚರವಾದ ಮೇಲೆ ಅವ್ವ ಕೇಳಿದ್ದು, "ಇನ್ನಾ ಎಷ್ಟೊತ್ತಿಗಿ ಮಾಡ್ತಾರ?" ಶಾಕ್ ಕೊಡುವ ಪ್ಯಾಡ್ ಅಂಟಿಸಿದ ಜಾಗ ಎರಡು ದಿನ ಕೆಂಪಗಿತ್ತು, ಅಷ್ಟೇ. ತಾಳ ಮತ್ತೆ ತಪ್ಪಲೂಬಹುದು. ಹಾಗಾದರೆ ಮುಂದೇನು ಅಂತ ಡಾಕ್ಟರ್ ಹತ್ರ ಈಗಲೇ ಕೇಳಿಟ್ಟುಕೊಳ್ಳಿ.